ಗಂಡನ ಹಳೇ ಚೈಲ್ಡ್ ಸಪೋರ್ಟ್ ಬಾಕಿಗೆ ನನ್ನ ಟ್ಯಾಕ್ಸ್ ರೀಫಂಡ್ ಹೋಯ್ತು. ವಾಪಸ್ ಬರುತ್ತಾ?

ತುಂಗಾತೀರ | ಕೊಲಂಬಸ್, ಓಹಾಯೋ | 2025 ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವಳು. ಮದುವೆಯಾಗಿ ಎರಡು ವರ್ಷ. ನಮ್ಮ ಯಜಮಾನರಿಗೆ ಇದು ಎರಡನೇ ಮದುವೆ. ಮೊದಲನೇ ಮದುವೆಯ ಮಗಳಿಗೆ ಹನ್ನೊಂದು ವರ್ಷ, ಅವಳಮ್ಮನ ಜೊತೆ ಬೇರೆ ರಾಜ್ಯದಲ್ಲಿದ್ದಾಳೆ. ಮಗಳ ವಿಷಯ ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಚೈಲ್ಡ್ ಸಪೋರ್ಟ್, ಅಂದರೆ ಮಗಳ ಖರ್ಚಿಗೆ ತಿಂಗಳು ತಿಂಗಳು ಕೊಡಬೇಕೆಂದು ಆದೇಶವಾದ ಹಣ, ಬಾಕಿ ಇರುವ ವಿಷಯ ಗೊತ್ತಿರಲಿಲ್ಲ.

ಫೆಬ್ರವರಿ ಮೊದಲ ವಾರ ಇಬ್ಬರೂ ಸೇರಿ ಜಾಯಿಂಟ್ ರಿಟರ್ನ್ (ಗಂಡ ಹೆಂಡತಿ ಇಬ್ಬರ ಟ್ಯಾಕ್ಸ್ ಲೆಕ್ಕವೂ ಒಂದರಲ್ಲೇ) ಹಾಕಿದೆವು. ಜಾಸ್ತಿ ಕಟ್ ಆಗಿದ್ದ ಟ್ಯಾಕ್ಸ್ 3,168 ಡಾಲರ್ ವಾಪಸ್ ಬರಬೇಕಿತ್ತು. ಖಾತೆ ನೋಡೀ ನೋಡೀ ಸಾಕಾಯಿತು. ನಿನ್ನೆ ಸಂಜೆ ಹುಳಿಗೆ ಬೇಳೆ ಇಟ್ಟು ಟಪಾಲು ತೆಗೆದೆ. ಕೇಂದ್ರ ಸರ್ಕಾರದ ಹಣ ಪಾವತಿ ಕಚೇರಿ ಬ್ಯೂರೋ ಆಫ್ ದಿ ಫಿಸ್ಕಲ್ ಸರ್ವಿಸ್‌ನಿಂದ ಒಂದು ಹಾಳೆ. ಬರಬೇಕಾಗಿದ್ದ ಮೊತ್ತ 3,168, ಬಾಕಿಗೆ ಹಿಡಿದದ್ದು 3,168, ಯಾವ ಕಚೇರಿಗೆ ಕಳಿಸಿದ್ದೇವೆ ಅನ್ನುವ ಹೆಸರು, ಒಂದು ಫೋನ್ ನಂಬರ್. ಅಷ್ಟೇ. ಕುಕ್ಕರ್ ಎಷ್ಟು ವಿಷಲ್ ಹೊಡೆಯಿತೋ ಲೆಕ್ಕ ತಪ್ಪಿತು, ಬೇಳೆ ಗಂಜಿಯಾಗಿತ್ತು.

ಯಜಮಾನರನ್ನು ಕೇಳಿದರೆ ತಲೆ ತಗ್ಗಿಸಿ ಕೂತರು. ಸುಮಾರು ಹತ್ತು ಸಾವಿರ ಬಾಕಿ ಇದೆಯಂತೆ. ನಾನೂ ದುಡಿಯುತ್ತೇನೆ, ನನ್ನ ಸಂಬಳದಿಂದಲೂ ಟ್ಯಾಕ್ಸ್ ಕಟ್ ಆಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಇದಕ್ಕೆ ಏನಾದರೂ ದಾರಿ ಇದೆಯಾ?

ಬೆಣ್ಣೆದೋಸೆ | ಮಾರ್ಚ್ 8

ಇದೆ ಮೇಡಂ. ಫಾರ್ಮ್ 8857 ಅಂತ ಒಂದಿದೆ, ಇನ್ನೋಸೆಂಟ್ ಸ್ಪೌಸ್ ರಿಲೀಫ್. ಅದನ್ನು ತುಂಬಿ ಕಳಿಸಿ. ನನ್ನ ಸಹೋದ್ಯೋಗಿ ಕಳಿಸಿದ್ದ.

ಲೆಕ್ಕದ ಮೇಷ್ಟ್ರು | ಮಾರ್ಚ್ 8

ದೋಸೆಯವರೇ, ನಿಲ್ಲಿ ನಿಲ್ಲಿ. ಈ ಎರಡು ಫಾರ್ಮ್‌ಗಳನ್ನು ಅದಲುಬದಲು ಮಾಡಿಕೊಂಡು ತಿಂಗಳುಗಟ್ಟಲೆ ಕಳೆದುಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ. (ಟ್ಯಾಕ್ಸ್ ಸೀಸನ್‌ನಲ್ಲಿ ಲೈಬ್ರರಿಯಲ್ಲಿ ಕೂತು ಬೇರೆಯವರ ರಿಟರ್ನ್ ತುಂಬಿಕೊಡುವುದು ನನ್ನ ನಿವೃತ್ತಿಯ ಹವ್ಯಾಸ. ನಾನು ವಕೀಲನಲ್ಲ.)

8857 ಬೇಕಾಗುವುದು ಜಾಯಿಂಟ್ ರಿಟರ್ನ್‌ನಲ್ಲೇ ಗಂಡನೋ ಹೆಂಡತಿಯೋ ಆದಾಯ ಮುಚ್ಚಿಟ್ಟು, ಆ ಟ್ಯಾಕ್ಸ್ ಇನ್ನೊಬ್ಬರ ತಲೆಗೆ ಬಂದಾಗ. ಇಲ್ಲಿ ರಿಟರ್ನ್‌ನಲ್ಲಿ ತಪ್ಪೇನೂ ಇಲ್ಲ. ಇಲ್ಲಿ ಬೇಕಾದ್ದು ಫಾರ್ಮ್ 8379, ಇಂಜರ್ಡ್ ಸ್ಪೌಸ್ ಅಲೊಕೇಷನ್. ಒಬ್ಬರ ಸಾಲಕ್ಕೆ ಇಬ್ಬರ ರೀಫಂಡ್ ಹೋದಾಗ, ಸಾಲವಿಲ್ಲದವರು ತಮ್ಮ ಪಾಲು ವಾಪಸ್ ಕೇಳುವ ಕಾಗದ.

ಯಾಕೆ ಹೋಯಿತು ಅನ್ನುವುದನ್ನೂ ಹೇಳುತ್ತೇನೆ. ಚೈಲ್ಡ್ ಸಪೋರ್ಟ್ ಬಾಕಿ ಇದ್ದವರ ಹೆಸರನ್ನು ರಾಜ್ಯದ ಕಚೇರಿ ಕೇಂದ್ರಕ್ಕೆ ಕಳಿಸುತ್ತದೆ. ತಾಯಿ ಸರ್ಕಾರದ ನೆರವಿನ ಹಣ ಪಡೆದಿದ್ದರೆ 150 ಡಾಲರ್ ಬಾಕಿ ಸಾಕು, ಇಲ್ಲದಿದ್ದರೆ 500. ಟ್ರೆಷರಿ ಆಫ್‌ಸೆಟ್ ಪ್ರೋಗ್ರಾಂ ಅನ್ನುವ ಜರಡಿಯಲ್ಲಿ ಆ ಹೆಸರು ಸಿಕ್ಕಿತು ಅಂದರೆ ರೀಫಂಡ್ ಅಲ್ಲೇ ನಿಲ್ಲುತ್ತದೆ. ರೀಫಂಡ್ ಹಿಡಿಯುವ ಈ ಪದ್ಧತಿ 1981ರಿಂದ ಇದೆ. ಜಾಯಿಂಟ್ ರಿಟರ್ನ್ ಅಂದರೆ ಒಂದೇ ಗಂಟು. ಗಂಟಿನಲ್ಲಿ ಯಾರದೆಷ್ಟು ಅಂತ ಜರಡಿ ನೋಡುವುದಿಲ್ಲ. ನೀವು ಕೇಳಿದರೆ ಮಾತ್ರ ಬಿಚ್ಚುತ್ತಾರೆ.

ನಿಮ್ಮಿಬ್ಬರ ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳದ ಚೀಟಿ) ನೋಡಿ ಸಂಬಳ ಎಷ್ಟು, ಫೆಡರಲ್ (ಕೇಂದ್ರದ) ಟ್ಯಾಕ್ಸ್ ಕಟ್ ಆಗಿದ್ದು ಎಷ್ಟು ಹೇಳಿ. ಹೆಸರು, ಕಂಪನಿ, ಎಸ್‌ಎಸ್‌ಎನ್ (ಸರ್ಕಾರ ಕೊಡುವ ಗುರುತಿನ ನಂಬರ್) ಏನೂ ಬರೆಯಬೇಡಿ.

ತುಂಗಾತೀರ | ಮಾರ್ಚ್ 9

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನನ್ನದು 62,000, ಕಟ್ ಆಗಿದ್ದು 7,400. ಅವರದು 48,000, ಕಟ್ ಆಗಿದ್ದು 5,000. ಬೇರೆ ಆದಾಯ ಇಲ್ಲ. ನಮಗೆ ಮಕ್ಕಳಿಲ್ಲ. ಆದಾಯದಲ್ಲಿ ಕಳೆಯಲು ಬಿಡುವ ನಿಗದಿತ ಮೊತ್ತ, ಸ್ಟ್ಯಾಂಡರ್ಡ್ ಡಿಡಕ್ಷನ್ನೇ ತಗೊಂಡಿದ್ದೇವೆ.

ಅಂದಹಾಗೆ "ಇಂಜರ್ಡ್ ಸ್ಪೌಸ್" ಅಂತ ಓದಿ ನಗು ಬಂತು. ಗಾಯ ಆಗಿರುವುದು ನಿಜ.

ಲೆಕ್ಕದ ಮೇಷ್ಟ್ರು | ಮಾರ್ಚ್ 9

ಸರಿ, ಲೆಕ್ಕ ಹಾಕೋಣ. 2024ಕ್ಕೆ ಜಾಯಿಂಟ್ ಡಿಡಕ್ಷನ್ 29,200. ಒಟ್ಟು ಸಂಬಳ 1,10,000ದಲ್ಲಿ ಅದನ್ನು ಕಳೆದರೆ 80,800. ಅದರ ಮೇಲೆ ಟ್ಯಾಕ್ಸ್ 9,232. ಕಟ್ ಆಗಿದ್ದು 12,400. ಉಳಿದದ್ದು 3,168. ನಿಮ್ಮ ಅಂಕಿ ಸರಿಯಿದೆ.

ಈಗ ಗಂಟು ಬಿಚ್ಚೋಣ. ಡಿಡಕ್ಷನ್ ಅರ್ಧರ್ಧ, ತಲಾ 14,600. ನೀವು ಬೇರೆಯಾಗಿ ರಿಟರ್ನ್ ಹಾಕಿದ್ದರೆ ನಿಮ್ಮ ಟ್ಯಾಕ್ಸ್ 5,481 ಆಗುತ್ತಿತ್ತು. ಅವರದು 3,776. ಇದೇ ಪ್ರಮಾಣದಲ್ಲಿ 9,232ನ್ನು ಹಂಚಿದರೆ ನಿಮ್ಮ ಪಾಲಿನ ಟ್ಯಾಕ್ಸ್ 5,466. ನೀವು ಕಟ್ಟಿದ್ದು 7,400. ಅಂದರೆ 3,168ರಲ್ಲಿ 1,934 ನಿಮ್ಮದು, 1,234 ಅವರದು. ಅವರ 1,234 ಬಾಕಿಗೆ ಹೋಗುತ್ತದೆ, ಹೋಗಲೇಬೇಕು.

ಗಮನಿಸಿ, ಅರ್ಧ ಮಾಡುವುದು ಡಿಡಕ್ಷನ್ನನ್ನು, ರೀಫಂಡನ್ನಲ್ಲ. ಯಾರ ಸಂಬಳದಿಂದ ಎಷ್ಟು ಕಟ್ ಆಗಿದೆ ಅನ್ನುವುದೇ ಇಲ್ಲಿ ಮುಖ್ಯ. "ನಾನು ಅರ್ಧ ಕೇಳ್ತೀನಿ" ಅಂತ ಹೋಗುವವರೇ ಜಾಸ್ತಿ.

ರಿಟರ್ನ್ ಆಗಲೇ ಹೋಗಿರುವುದರಿಂದ ಫಾರ್ಮ್ 8379 ಒಂದನ್ನೇ ಅಂಚೆಯಲ್ಲಿ ಕಳಿಸಿ. ಇಬ್ಬರ ಡಬ್ಲ್ಯು-2 ಪ್ರತಿ ಇಡಿ. ಜಾಯಿಂಟ್ ರಿಟರ್ನ್‌ನ ಪ್ರತಿ ಇಡಬೇಡಿ, ಅವರೇ ಬೇಡ ಅಂತಾರೆ. ಹೆಸರುಗಳು ರಿಟರ್ನ್‌ನಲ್ಲಿ ಯಾವ ಕ್ರಮದಲ್ಲಿ ಇದ್ದವೋ ಅದೇ ಕ್ರಮದಲ್ಲಿ ಇರಲಿ. ಕೊನೆಯ ಭಾಗದಲ್ಲಿ ನಿಮ್ಮ ಸಹಿ ಮರೆಯಬೇಡಿ. ಯಜಮಾನರ ಸಹಿ ಬೇಕಿಲ್ಲ. ಹಣ ಇಬ್ಬರ ಹೆಸರಿಗೂ ಬರಲಿ ಅನ್ನುವ ಒಂದು ಚೌಕ ಇದೆ. ಅದನ್ನು ಟಿಕ್ ಮಾಡದಿದ್ದರೆ ನಿಮ್ಮೊಬ್ಬರ ಹೆಸರಿಗೇ ಬರುತ್ತದೆ.

ಹೀಗೆ ಆಮೇಲೆ ಕಳಿಸಿದರೆ ಸುಮಾರು 8 ವಾರ ಅಂತ ಟ್ಯಾಕ್ಸ್ ಇಲಾಖೆ ಐಆರ್‌ಎಸ್ ಹೇಳುತ್ತದೆ. ರಿಟರ್ನ್ ಜೊತೆಗೇ ಆನ್‌ಲೈನ್‌ನಲ್ಲಿ ಹಾಕಿದರೆ 11, ಕಾಗದದಲ್ಲಾದರೆ 14.

ಊರ್‌ಕಡೆಯವ್ನು | ಮಾರ್ಚ್ 9

ನನಗೆ ಒಂದು ಅರ್ಥವಾಗಲ್ಲ. ಮಗುವಿನ ಅನ್ನದ ದುಡ್ಡು ಅದು. ಅದನ್ನು ತಪ್ಪಿಸೋದು ಹೇಗೆ ಅಂತ ಇಲ್ಲಿ ಲೆಕ್ಕ ಹಾಕ್ತಾ ಕೂತಿದ್ದೀರಲ್ಲ. ಆ ತಾಯಿ ಎಷ್ಟು ಕಷ್ಟಪಡ್ತಿದ್ದಾಳೋ.

ತುಂಗಾತೀರ | ಮಾರ್ಚ್ 9

ಅಣ್ಣಾ, ನಾನು ಕೇಳುತ್ತಿರುವುದು ನನ್ನ ಸಂಬಳದಿಂದ ಹೋದದ್ದನ್ನು. ಅವರ ಪಾಲನ್ನು ಒಂದು ಡಾಲರ್ ಕೂಡ ಕೇಳಿಲ್ಲ. ಆ ಹುಡುಗಿ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬರುತ್ತಾಳೆ. ಅವಳಿಗೆ ಚಿತ್ರಾನ್ನ ಅಂದರೆ ಪ್ರಾಣ.

ಒಬ್ಬಳೇ ಅಮ್ಮ | ಮಾರ್ಚ್ 10

ನಾನು ಆ ಕಡೆಯವಳು. ಬಾಕಿ ಬರಬೇಕಾದವಳು. ಹಾಗಾಗಿ ನಾನೂ ಒಂದು ಮಾತು ಹೇಳುತ್ತೇನೆ.

ನನ್ನ ಮಗನ ಅಪ್ಪ ಒಂದೂವರೆ ವರ್ಷ ಏನೂ ಕೊಟ್ಟಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಖಾತೆಗೆ ನಾಲ್ಕು ಸಾವಿರ ಚಿಲ್ಲರೆ ಬಂತು. ಟ್ಯಾಕ್ಸ್ ರೀಫಂಡ್ ಹಿಡಿದಿದ್ದಾರೆ ಅಂತ ಗೊತ್ತಾಯಿತು. ಅವತ್ತೇ ಮಗನ ಹಲ್ಲಿನ ಡಾಕ್ಟರ ಹಳೇ ಬಿಲ್ ಕಟ್ಟಿದೆ, ಕಾರಿಗೆ ಎರಡು ಟೈರ್ ಹಾಕಿಸಿದೆ. ಟೈರ್ ಸವೆದು ತಂತಿ ಕಾಣುತ್ತಿತ್ತು.

ಎಷ್ಟೋ ತಿಂಗಳಾದ ಮೇಲೆ ಕಚೇರಿಯಿಂದ ಕಾಗದ. ಅವರ ಈಗಿನ ಹೆಂಡತಿ ತನ್ನ ಪಾಲು ಕೇಳಿದ್ದಾರೆ, ಮಂಜೂರಾಗಿದೆ, ನಿಮಗೆ ಜಾಸ್ತಿ ಹೋಗಿದೆ, 2,300 ವಾಪಸ್ ಕಟ್ಟಿ ಅಂತ. ಖರ್ಚಾಗಿ ಹೋದ ದುಡ್ಡು! ಆಮೇಲೆ ಬರುವ ತಿಂಗಳ ಕಂತುಗಳಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಂಡರು. ಆ ಹೆಂಗಸಿನ ಮೇಲೆ ನನಗೆ ಕೋಪ ಇಲ್ಲ. ಅವರ ದುಡಿಮೆ ಅವರಿಗೆ ಸೇರಬೇಕು. ಆದರೆ ಕೇಳುವುದನ್ನು ಮೊದಲೇ ಕೇಳಿದ್ದರೆ ಆ ಹಣ ನನ್ನ ಕೈಗೆ ಬಂದು ಹೋಗುತ್ತಿರಲಿಲ್ಲ ಅಲ್ವಾ?

ತುಂಗಾತೀರ ಅವರೇ, ಬೇಗ ಕಳಿಸಿ. ನಿಮಗಾಗಿ ಅಷ್ಟೇ ಅಲ್ಲ.

ಲೆಕ್ಕದ ಮೇಷ್ಟ್ರು | ಮಾರ್ಚ್ 10

ಅಮ್ಮಾ, ಇದನ್ನು ಬರೆದಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಹದಿಮೂರು ವರ್ಷ ಈ ಫಾರ್ಮ್ ತುಂಬಿದ್ದೇನೆ. ಆ ತುದಿಯಲ್ಲಿ ಟೈರ್ ಇದೆ ಅಂತ ಯೋಚನೆ ಮಾಡಿರಲಿಲ್ಲ.

ಇವರು ಹೇಳಿದ್ದು ನಿಯಮದಲ್ಲೂ ಇದೆ. ಹಿಡಿದದ್ದು ಜಾಯಿಂಟ್ ರಿಟರ್ನ್‌ನ ಹಣವಾದರೆ, ರಾಜ್ಯದ ಕಚೇರಿ ಅದನ್ನು ತಾಯಿಗೆ ಕೊಡದೆ ಆರು ತಿಂಗಳವರೆಗೆ ಇಟ್ಟುಕೊಳ್ಳಬಹುದು. ಇಂಥ ಅರ್ಜಿ ಬಂದರೆ ಇರಲಿ ಅಂತಲೇ ಈ ಅವಕಾಶ. ಆದರೆ ಫಾರ್ಮ್ 8379 ಹಾಕಲು ಮೂರು ವರ್ಷದವರೆಗೂ ಕಾಲಾವಕಾಶ ಇದೆ. ಆರು ತಿಂಗಳಾದ ಮೇಲೆ ಎಚ್ಚೆತ್ತು ಕೇಳಿದರೆ ನಿಮಗೇನೋ ಸಿಗುತ್ತದೆ, ಇನ್ನೊಂದು ಮನೆಯಿಂದ ಕಿತ್ತುಕೊಂಡ ಹಾಗಾಗುತ್ತದೆ.

ತುಂಗಾತೀರ, ಅಂಚೆಗೆ ಯಾವಾಗ?

ತುಂಗಾತೀರ | ಮಾರ್ಚ್ 10

ಇವತ್ತು ರಾತ್ರಿ ತುಂಬುತ್ತೇನೆ. ನಾಳೆ ಊಟದ ಬಿಡುವಿನಲ್ಲಿ ರಿಜಿಸ್ಟರ್ಡ್ ಮಾಡುತ್ತೇನೆ.

ಕಾಗದದಲ್ಲಿದ್ದ ಕಚೇರಿಗೂ ಫೋನ್ ಮಾಡಿದ್ದೆ. ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬರು ಸಿಕ್ಕರು. ಹಣ ಇನ್ನೂ ತಡೆದಿಟ್ಟಿದ್ದೇವೆ, ಆ ಕಡೆಗೆ ಹೋಗಿಲ್ಲ ಅಂದರು. ಒಬ್ಬಳೇ ಅಮ್ಮ ಅವರೇ, ನಿಮ್ಮ ಬರಹ ಓದಿದ ಮೇಲೆ ಆ ಮಾತು ಕೇಳಿ ನನಗೆ ಜೀವ ಬಂತು.

ಎರಡು ಮನೆ ಅಪ್ಪ | ಮಾರ್ಚ್ 11

ಬಾಕಿ ಮಾಡಿಕೊಂಡವನ ಕಡೆಯಿಂದಲೂ ಒಂದು ಕಥೆ ಇರಲಿ. ಸಮರ್ಥನೆ ಅಲ್ಲ.

ನನಗೆ ತಿಂಗಳಿಗೆ 900 ಡಾಲರ್ ಆದೇಶ ಇತ್ತು. ಕೆಲಸ ಹೋಯಿತು. ಸಂಬಳವೇ ಇಲ್ಲದ ಮೇಲೆ ಕೋರ್ಟಿಗೂ ಗೊತ್ತಾಗುತ್ತೆ ಅಂದುಕೊಂಡು ಸುಮ್ಮನಿದ್ದೆ. ಹತ್ತು ತಿಂಗಳು. ಹೊಸ ಕೆಲಸ ಸಿಕ್ಕಾಗ ನೋಡಿದರೆ 9,000 ಬಾಕಿ. ಲಾಯರ್ ಹತ್ತಿರ ಓಡಿದೆ. ಅವರು ಹೇಳಿದ್ದು ಒಂದೇ: ಬ್ರ್ಯಾಡ್ಲಿ ತಿದ್ದುಪಡಿ. 1986ರದ್ದು. ಕಂತಿನ ದಿನ ದಾಟಿತು ಅಂದರೆ ಅದು ಕೋರ್ಟ್ ತೀರ್ಪಿನಷ್ಟೇ ಗಟ್ಟಿ. ಜಡ್ಜ್ ಕೂಡ ಹಿಂದಿನದನ್ನು ಅಳಿಸುವಂತಿಲ್ಲ. ಆದೇಶ ಬದಲಿಸಿ ಅಂತ ಅರ್ಜಿ ಹಾಕಿ ಆ ಕಡೆಯವರಿಗೆ ನೋಟಿಸ್ ಹೋದ ದಿನದಿಂದ ಈಚೆಗೆ ಮಾತ್ರ ಕಡಿಮೆ ಮಾಡಬಹುದು. ಕೆಲಸ ಹೋದ ವಾರವೇ ನಾನು ಆ ಅರ್ಜಿ ಹಾಕಬೇಕಿತ್ತು.

ಆಮೇಲೆ ಇನ್ನೊಂದು. ಮೈಸೂರಿನಲ್ಲಿ ತಂಗಿ ಮದುವೆ. ನನ್ನ ಅಮೆರಿಕನ್ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿತ್ತು. ಅರ್ಜಿ ಹಾಕಿದರೆ ಇಲ್ಲ ಅಂದರು. ಬಾಕಿ 2,500 ಡಾಲರ್ ದಾಟಿದರೆ ಪಾಸ್‌ಪೋರ್ಟ್ ಕೊಡುವುದಿಲ್ಲ. ಆ ಗೆರೆಯ ಕೆಳಗೆ ಬಂದ ಮಾತ್ರಕ್ಕೆ ಹೆಸರು ತಾನಾಗಿ ಹೋಗುವುದೂ ಇಲ್ಲ, ರಾಜ್ಯದ ಕಚೇರಿ ತೆಗೆಯಬೇಕು. ಧಾರೆ ಎರೆಯುವುದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಯಾರೋ ಫೋನನ್ನು ಹೂವಿನ ಬುಟ್ಟಿಗೆ ಒರಗಿಸಿ ಹೋಗಿದ್ದರು. ಅರ್ಧ ಮುಕ್ಕಾಲು ಹೊತ್ತು ಸೇವಂತಿಗೆಯೇ ಕಂಡಿತು.

ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ.

ತುಂಗಾತೀರ | ಮಾರ್ಚ್ 11

ತೋರಿಸಿದೆ. ಅವರದೂ ಹೀಗೇ, ಕೆಲಸ ಹೋದಾಗ ಆದದ್ದಂತೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತಮ್ಮ ಪಾಸ್‌ಪೋರ್ಟ್ ಹುಡುಕಿ ತಾರೀಖು ನೋಡಿದರು.

ಡಲ್ಲಾಸ್ ರೊಟ್ಟಿ | ಮಾರ್ಚ್ 13

ಮೇಷ್ಟ್ರೇ, ನನ್ನದೂ ಒಂದು ಪ್ರಶ್ನೆ. ನಾನು ಎಚ್4 (ಗಂಡನ ವೀಸಾ ಮೇಲೆ ಬಂದವಳು), ಕೆಲಸ ಇಲ್ಲ. ಗಂಡನಿಗೆ ಇಂಥದೇ ಬಾಕಿ ಇದೆ. ನಾನೂ 8379 ಹಾಕಬಹುದಾ? ನಾವಿರುವುದು ಟೆಕ್ಸಾಸ್‌ನಲ್ಲಿ.

ಲೆಕ್ಕದ ಮೇಷ್ಟ್ರು | ಮಾರ್ಚ್ 13

ಓಹಾಯೋದಂಥ ರಾಜ್ಯವಾಗಿದ್ದರೆ ಪ್ರಯೋಜನ ಇಲ್ಲ ಅನ್ನುತ್ತಿದ್ದೆ. ಅಲ್ಲಿ ನಿಮ್ಮ ಆದಾಯವೋ, ನಿಮ್ಮಿಂದ ಕಟ್ ಆದ ಟ್ಯಾಕ್ಸೋ, ನಿಮಗೆ ಸೇರುವ ರೀಫಂಡಬಲ್ ಕ್ರೆಡಿಟ್ಟೋ (ಟ್ಯಾಕ್ಸ್ ಇಲ್ಲದಿದ್ದರೂ ಕೈಗೆ ಬರುವ ರಿಯಾಯಿತಿ) ಇರಬೇಕು. ಇಲ್ಲದಿದ್ದರೆ ಕಾಪಾಡಲು ನಿಮ್ಮ ಪಾಲೇ ಇರುವುದಿಲ್ಲ.

ಆದರೆ ನಿಮ್ಮದು ಕಮ್ಯುನಿಟಿ ಪ್ರಾಪರ್ಟಿ ರಾಜ್ಯ. ಅಂಥವು ಒಂಬತ್ತು: ಟೆಕ್ಸಾಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಅರಿಜೋನಾ, ನೆವಾಡಾ, ನ್ಯೂ ಮೆಕ್ಸಿಕೋ, ಐಡಹೋ, ಲೂಯಿಸಿಯಾನಾ, ವಿಸ್ಕಾನ್ಸಿನ್. ಅಲ್ಲಿ ಮದುವೆಯ ನಂತರದ ದುಡಿಮೆ ಸಾಮಾನ್ಯವಾಗಿ ಇಬ್ಬರದೂ. ಹಾಗಾಗಿ ಫಾರ್ಮ್‌ನಲ್ಲೂ ಸಂಬಳದ ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗಿ ಅಂತ ಇದೆ. ಹಂಚಿಕೆಯನ್ನು ಐಆರ್‌ಎಸ್ ಆಯಾ ರಾಜ್ಯದ ಕಾನೂನಿನ ಪ್ರಕಾರ ಮಾಡುತ್ತದೆ. ನಾನು ಮೇಲೆ ಹಾಕಿದ ಲೆಕ್ಕ ನಿಮಗೆ ಹೊಂದುವುದಿಲ್ಲ. ಅಲ್ಲಿಯ ಒಬ್ಬ ಟ್ಯಾಕ್ಸ್ ವಕೀಲರಿಗೆ ಅರ್ಧ ಗಂಟೆಯ ಫೀ ಕೊಟ್ಟರೆ ನಷ್ಟವಿಲ್ಲ.

ಬೆಣ್ಣೆದೋಸೆ | ಮಾರ್ಚ್ 14

ತಪ್ಪು ಫಾರ್ಮ್ ಹೇಳಿದ್ದಕ್ಕೆ ಕ್ಷಮೆ ಇರಲಿ. ಆದರೂ ಕೇಳ್ತೀನಿ, ಮುಂದಿನ ವರ್ಷದಿಂದ ಬೇರೆ ಬೇರೆ ರಿಟರ್ನ್ ಹಾಕಿಬಿಟ್ಟರೆ ಈ ತಲೆನೋವೇ ಇಲ್ಲ ಅಲ್ವಾ?

ಲೆಕ್ಕದ ಮೇಷ್ಟ್ರು | ಮಾರ್ಚ್ 14

ಈ ಸಲ ಸರಿಯಾಗಿ ಹೊಡೆದಿರಿ. ಮೇಲಿನ ಅಂಕಿಗಳನ್ನೇ ನೋಡಿ. ಬೇರೆ ಬೇರೆ ಹಾಕಿದ್ದರೆ 5,481 ಮತ್ತು 3,776, ಸೇರಿ 9,257. ಜಾಯಿಂಟ್ ಆದರೆ 9,232. ವ್ಯತ್ಯಾಸ 25 ಡಾಲರ್! ತುಂಗಾತೀರ ಅವರಿಗೆ 25 ಡಾಲರ್ ಜಾಸ್ತಿ ಕಟ್ಟಿ ನೆಮ್ಮದಿಯಿಂದ ಇರುವುದೇ ಮೇಲು ಅಂತ ನನ್ನ ಅಭಿಪ್ರಾಯ. ಅವರ ರೀಫಂಡ್ ಮೂರು ವಾರದಲ್ಲಿ ಬರುತ್ತದೆ, ಯಜಮಾನರದು ಬಾಕಿಗೆ ಹೋಗುತ್ತದೆ, ನಡುವೆ ಯಾರೂ ಕಾಯುವುದಿಲ್ಲ.

ಒಂದು ಎಚ್ಚರಿಕೆ. ಬೇರೆ ಹಾಕಿದ್ದನ್ನು ಮೂರು ವರ್ಷದೊಳಗೆ ಜಾಯಿಂಟ್ ಮಾಡಿಕೊಳ್ಳಬಹುದು. ಜಾಯಿಂಟ್ ಹಾಕಿದ್ದನ್ನು ಏಪ್ರಿಲ್ 15 ದಾಟಿದ ಮೇಲೆ ಬೇರೆ ಮಾಡಲು ಆಗುವುದಿಲ್ಲ.

ಮಿಸ್ಸಿಸಿಪ್ಪಿ ಮಲ್ಲಿಗೆ | ಮಾರ್ಚ್ 15

ಮಕ್ಕಳಿರುವವರು ಈ ಮಾತನ್ನು ಹಾಗೇ ನಂಬಬೇಡಿ. ನಾವು ಒಂದು ವರ್ಷ ಬೇರೆ ಬೇರೆ ಹಾಕಿ ಕೈ ಸುಟ್ಟುಕೊಂಡೆವು. ಡೇಕೇರ್ ಕ್ರೆಡಿಟ್ ಹೋಯಿತು. ನನ್ನ ಸ್ಟೂಡೆಂಟ್ ಲೋನ್ ಬಡ್ಡಿಯ ಡಿಡಕ್ಷನ್ ಹೋಯಿತು. ನಿವೃತ್ತಿ ಉಳಿತಾಯದ ಖಾತೆ ರಾತ್ ಐಆರ್‌ಎಗೆ ಹಾಕಿದ್ದನ್ನು ವಾಪಸ್ ತೆಗೆಯಬೇಕಾಯಿತು, ಯಾಕೆಂದರೆ ಜೊತೆಗಿದ್ದೂ ಬೇರೆ ಫೈಲ್ ಮಾಡಿದರೆ ಆದಾಯ 10,000 ದಾಟಿದವರು ಅದಕ್ಕೆ ಹಾಕುವಂತಿಲ್ಲ. ಈಗ ಜಾಯಿಂಟ್ ಹಾಕಿ, ಜೊತೆಗೇ 8379 ಕಳಿಸುತ್ತೇನೆ. ನಾಲ್ಕನೇ ವರ್ಷ ಇದು.

ಲೆಕ್ಕದ ಮೇಷ್ಟ್ರು | ಮಾರ್ಚ್ 15

ಒಪ್ಪಿದೆ. ಎರಡೂ ರೀತಿ ಲೆಕ್ಕ ಹಾಕಿ ನೋಡಿಯೇ ನಿರ್ಧರಿಸಿ.

ಇನ್ನೊಂದು ಸುಲಭದ ದಾರಿ ಇದೆ, ಯಾರೂ ಯೋಚಿಸುವುದಿಲ್ಲ. ದೊಡ್ಡ ರೀಫಂಡ್ ಬರಿಸಿಕೊಳ್ಳುವುದೇ ಯಾಕೆ? ತುಂಗಾತೀರ ಅವರು ಆಫೀಸಿನಲ್ಲಿ ಡಬ್ಲ್ಯು-4 (ಸಂಬಳದಿಂದ ಎಷ್ಟು ಟ್ಯಾಕ್ಸ್ ಹಿಡಿಯಬೇಕು ಅಂತ ಹೇಳುವ ಫಾರ್ಮ್) ಬದಲಿಸಿ 1,934ರಷ್ಟು ಕಡಿಮೆ ಕಟ್ ಮಾಡಿಸಿದರೆ, ಎರಡು ವಾರಕ್ಕೊಮ್ಮೆ ಸಂಬಳ ಬರುವವರಿಗೆ ಪ್ರತಿ ಸಲ 74 ಡಾಲರ್ ಕೈಗೇ ಬರುತ್ತದೆ. ಗಂಟಿಗೆ ಬೀಳದ ದುಡ್ಡನ್ನು ಜರಡಿ ಹಿಡಿಯುವುದಿಲ್ಲ. ತೀರಾ ಕಡಿಮೆ ಮಾಡಬೇಡಿ. ಕೊನೆಗೆ 1,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟುವಂತಾದರೆ ದಂಡ ಬೀಳಬಹುದು.

ಮರೆತಿದ್ದೆ: 8379 ಫೆಡರಲ್‌ಗೆ ಮಾತ್ರ. ರಾಜ್ಯದ ರೀಫಂಡ್ ಹಿಡಿದರೆ ಆ ರಾಜ್ಯದ ಕ್ರಮವೇ ಬೇರೆ. ನ್ಯೂಯಾರ್ಕ್‌ನಲ್ಲಿ ಐಟಿ-280 ಅನ್ನುವ ಫಾರ್ಮ್ ಇದೆ.

ಮಿಸ್ಸಿಸಿಪ್ಪಿ ಮಲ್ಲಿಗೆ | ಮಾರ್ಚ್ 15

2020ರಲ್ಲಿ ಸರ್ಕಾರ ಕೊಟ್ಟ ಕೋವಿಡ್ ನೆರವಿನ ಚೆಕ್ ನೆನಪಿದೆಯಾ? ಬೇರೆ ಯಾವ ಸಾಲಕ್ಕೂ ಅದನ್ನು ಹಿಡಿಯಲಿಲ್ಲ, ಚೈಲ್ಡ್ ಸಪೋರ್ಟ್‌ಗೆ ಮಾತ್ರ ಹಿಡಿದರು. ಗಂಡನ 1,200ರ ಜೊತೆ ನನ್ನ 1,200ನ್ನೂ ಹಿಡಿದಿದ್ದರು. 8379 ಹಾಕಿದ್ದರೂ! ಆಮೇಲೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ನನ್ನದನ್ನು ಕಳಿಸಿದರು. ಹಣ ಬಂದ ದಿನ ಗೌರಿ ಹಬ್ಬಕ್ಕೆ ತಗೊಳ್ಳದೇ ಬಿಟ್ಟಿದ್ದ ಸೀರೆ ನೆನಪಾಯಿತು.

ಚಾಮುಂಡಿ ಬೆಟ್ಟ | ಮೈಸೂರು | ಮಾರ್ಚ್ 17

ಇಲ್ಲಿ ಕೂತು ಓದುತ್ತಿದ್ದೇನೆ. ನಮ್ಮಲ್ಲೂ ಹೀಗೆ ಆಗುತ್ತಾ?

ಲೆಕ್ಕದ ಮೇಷ್ಟ್ರು | ಮಾರ್ಚ್ 17

ಇಲ್ಲ ಸರ್. ಭಾರತದಲ್ಲಿ ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕುವ ಪದ್ಧತಿಯೇ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಪ್ಯಾನ್, ಒಂದೊಂದು ರೀಫಂಡ್. ಜೀವನಾಂಶ ಬಾಕಿಯಾದರೆ ಕೋರ್ಟಿಗೇ ಹೋಗಬೇಕು. ಮೊದಲು ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆ ಸಿಆರ್‌ಪಿಸಿ 125 ಇತ್ತು, 2024ರ ಜುಲೈನಿಂದ ಅದೇ ಹೊಸ ಕಾಯ್ದೆಯ ಬಿಎನ್‌ಎಸ್‌ಎಸ್ 144. ಅಲ್ಲಿ ಬಾಕಿಗಾಗಿ ಜೈಲಿಗೂ ಕಳಿಸಬಹುದು, ಆದರೆ ರೀಫಂಡನ್ನು ತಾನಾಗಿ ಹಿಡಿಯುವ ಇಂಥ ಜರಡಿ ಇಲ್ಲ.

ಒಬ್ಬಳೇ ಅಮ್ಮ | ಮಾರ್ಚ್ 17

ಇದ್ದಿದ್ದರೆ ನನ್ನ ಅಕ್ಕ ಹಾಸನದ ಕೋರ್ಟಿಗೆ ಆರು ವರ್ಷ ಅಲೆಯುತ್ತಿರಲಿಲ್ಲ.

ತುಂಗಾತೀರ | ಜೂನ್ 2

ಎಲ್ಲರಿಗೂ ಒಂದು ಸುದ್ದಿ. ಮಾರ್ಚ್ 11ಕ್ಕೆ ಕಳಿಸಿದ್ದೆ. ಎಂಟು ವಾರ ಅಂದರು, ಹನ್ನೊಂದಕ್ಕಿಂತ ಸ್ವಲ್ಪ ಜಾಸ್ತಿಯೇ ಆಯಿತು. ಶುಕ್ರವಾರ 1,934 ಡಾಲರ್ ಬಂತು. ಮೇಷ್ಟ್ರ ಲೆಕ್ಕ ಒಂದು ಡಾಲರ್ ಆಚೀಚೆ ಇಲ್ಲ.

ಉಳಿದ 1,234 ಆ ಮನೆಗೆ ಹೋಗಿದೆ. ಯಜಮಾನರು ಕಚೇರಿಗೆ ಫೋನ್ ಮಾಡಿ ಬಾಕಿಗೆ ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿಕೊಂಡಿದ್ದಾರೆ. ನಾನು ಡಬ್ಲ್ಯು-4 ಬದಲಿಸಿದೆ. ಹುಡುಗಿ ಮುಂದಿನ ವಾರ ಬರುತ್ತಾಳೆ. ಒಳ್ಳೇ ನಿಂಬೆಹಣ್ಣು ಇಲ್ಲಿ ಎಲ್ಲಿ ಸಿಗುತ್ತೆ ಹೇಳಿ, ಅಂಗಡಿಯವು ಬರೀ ಸಿಪ್ಪೆ.

ಮೇಷ್ಟ್ರೇ, ಮುಂದಿನ ವರ್ಷ ಜಾಯಿಂಟ್ ಹಾಕಿದರೆ ಈ ಫಾರ್ಮ್ ಮತ್ತೆ ಹಾಕಬೇಕಾ, ಅಥವಾ ಇದೇ ಸಾಕಾ?

ಲೆಕ್ಕದ ಮೇಷ್ಟ್ರು | ಜೂನ್ 2

ಮತ್ತೆ ಹಾಕಬೇಕಮ್ಮ. ಬಾಕಿ ತೀರುವವರೆಗೂ ಪ್ರತಿ ವರ್ಷ, ಮುಂದಿನ ಸಲ ರಿಟರ್ನ್ ಜೊತೆಗೇ. ನಿಂಬೆಹಣ್ಣು ಮೆಕ್ಸಿಕನ್ ಅಂಗಡಿಯಲ್ಲಿ ನೋಡಿ, ಸಣ್ಣದು ಸಿಗುತ್ತದೆ.